ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡ್ ಇದೆ, ಆದ್ರೆ ಮನಸ್ಸಿನ ಗಾಯಕ್ಕೆ ಚಿಕಿತ್ಸೆ ಪಡೆಯೋದು ಹೇಗೆ?

ಹಾಸನದ ಮನೆಯಾಕೆ

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರು ಸೇನೆಯಲ್ಲಿ ಹವಾಲ್ದಾರ್ ಆಗಿದ್ದು 2022ರಲ್ಲಿ ಪಿಂಚಣಿ ಮೇಲೆ ಊರಿಗೆ ಬಂದರು. ಸರ್ವೀಸಿನ ಬಹಳಷ್ಟು ಭಾಗ ಕಾಶ್ಮೀರದಲ್ಲೇ ಕಳೆದಿದ್ದಾರೆ. ಅದರಲ್ಲೂ ಆರ್‌ಒಪಿ ಡ್ಯೂಟಿ. ಕಾನ್‌ವಾಯ್ ಹೊರಡೋಕೆ ಮುಂಚೆ ರಸ್ತೆ ಬದಿಯ ಕಲ್ಲು, ಮೋರಿ, ಪೊದೆ ಒಂದೂ ಬಿಡದೆ ನೋಡೋ ಕೆಲಸ. ಒಂದು ದಿನ ಸ್ಫೋಟದಲ್ಲಿ ಪಕ್ಕದಲ್ಲಿದ್ದವರು ಹೋದರು, ಇವರು ಉಳಿದರು. ನನಗೆ ಗೊತ್ತಿರೋದು ಅಷ್ಟೇ. ಅದಕ್ಕಿಂತ ಹೆಚ್ಚು ಅವರು ಬಾಯಿ ಬಿಟ್ಟಿಲ್ಲ.

ಈಗಲೂ ರಸ್ತೆ ಅಂಚಲ್ಲಿ ಯಾರೋ ಬಿಸಾಕಿದ ಪ್ಲಾಸ್ಟಿಕ್ ಚೀಲ ಕಂಡರೆ ಬೈಕ್ ನಿಲ್ಲಿಸುತ್ತಾರೆ. ಕಾಲು ನೆಲಕ್ಕೆ ಊರಿ, ಚೀಲವನ್ನೇ ನೋಡುತ್ತಾ, ಹಿಂದೆ ಕೂತ ಮಗಳಿಗೆ "ಇಳೀಬೇಡ" ಅನ್ನುತ್ತಾರೆ. ಆಮೇಲೆ ಗಾಡಿ ತಿರುಗಿಸಿ ಬೇರೆ ದಾರಿ ಹಿಡಿಯುತ್ತಾರೆ. ಅವಳ ಸ್ಕೂಲಿಗೆ ಲೇಟಾದರೂ ಸರಿ. ರಾತ್ರಿ ಬೆವರಿ ಎದ್ದು ಕೂರುತ್ತಾರೆ. ಸಣ್ಣ ಮಾತಿಗೂ ಸಿಡುಕು. ಮಗಳಿಗೆ 11 ವರ್ಷ, ಅಪ್ಪ ಜೋರಾಗಿ ಬಾಗಿಲು ಹಾಕಿದರೆ ಅವಳ ಕೈ ನಡುಗುತ್ತೆ. ಈಗ ಒಬ್ಬಳೇ ಮಲಗೋದೇ ಇಲ್ಲ.

ಇಸಿಎಚ್‌ಎಸ್‌ನ ಪಾಲಿಕ್ಲಿನಿಕ್‌ಗೆ ಹೋಗಿದ್ದೆವು. ನಿದ್ದೆ ಬರ್ತಿಲ್ಲ ಅಂದಾಗ ನಿದ್ದೆ ಮಾತ್ರೆ, ಬಿಪಿ ಮಾತ್ರೆ ಕೊಟ್ಟು ಕಳಿಸಿದರು. ಊರಿನ ಖಾಸಗಿ ಕೌನ್ಸೆಲರ್ ಪ್ರತಿ ವಾರ ಬರಬೇಕು ಅನ್ನುತ್ತಾರೆ. ಪಿಂಚಣಿ ಹಣದಲ್ಲಿ ಅದು ಆಗೋ ಮಾತಲ್ಲ. ಇಸಿಎಚ್‌ಎಸ್‌ನಲ್ಲಿ ಇದಕ್ಕೆಲ್ಲ ಅವಕಾಶ ಇದೆಯಾ? ಎಲ್ಲಿಂದ ಶುರು ಮಾಡಬೇಕು? ತಿಳಿದವರು ದಯವಿಟ್ಟು ಹೇಳಿ.

ಮಾಜಿ ನರ್ಸಿಂಗ್ ಅಸಿಸ್ಟೆಂಟ್

ತಂಗಿ, ಅವಕಾಶ ಖಂಡಿತ ಇದೆ. 2003ರ ಏಪ್ರಿಲ್ 1ರಿಂದ ಇಸಿಎಚ್‌ಎಸ್ ನಡೀತಿದೆ. ಮಾನಸಿಕ ಕಾಯಿಲೆಯನ್ನ ಅದರಿಂದ ಹೊರಗಿಟ್ಟಿಲ್ಲ. ತೊಂದರೆ ಇರೋದು ಪಾಲಿಕ್ಲಿನಿಕ್ ಡಾಕ್ಟರ ಮೇಜಿನ ಮುಂದೆ. ಅವರ ಬಳಿ ದಿನಕ್ಕೆ ಶುಗರ್, ಬಿಪಿ, ಮಂಡಿನೋವು ಅಂತ ಸಾಲುಗಟ್ಟಿ ಜನ ಬರುತ್ತಾರೆ. ನಾವು "ನಿದ್ದೆ ಇಲ್ಲ ಸಾರ್" ಅಂದರೆ ಅವರು ನಿದ್ದೆಗೇ ಔಷಧಿ ಬರೆಯುತ್ತಾರೆ.

ಆದ್ದರಿಂದ ಮುಂದಿನ ಸಲ ಬಾಯಲ್ಲಿ ಹೇಳೋದು ಸಾಲದು, ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ನೀವು ಇಲ್ಲಿ ಬರೆದಿದ್ದೀರಲ್ಲ, ಪ್ಲಾಸ್ಟಿಕ್ ಚೀಲದ ಮಾತು, ಅದನ್ನೇ ಬರೆಯಿರಿ. ಯಾವ ಘಟನೆ, ಸುಮಾರು ಯಾವ ವರ್ಷ, ಎಲ್ಲಿ. ಎಷ್ಟು ಕಾಲದಿಂದ ಕೆಟ್ಟ ಕನಸು. ಯಾವ ಜಾಗಕ್ಕೆ, ಯಾವ ಸದ್ದಿಗೆ ಹೆದರಿ ದೂರ ಹೋಗುತ್ತಾರೆ. ಮನೆಯಲ್ಲಿ ಏನು ಕೆಟ್ಟಿದೆ. ಅರ್ಧ ಪುಟ ಸಾಕು. ಕೊನೆಗೆ "ಸೈಕಿಯಾಟ್ರಿಗೆ ರೆಫರಲ್ ಬೇಕು" ಅಂತ, ಅಂದರೆ ಮನೋವೈದ್ಯರ ಹತ್ತಿರ ಕಳಿಸೋ ಚೀಟಿ ಬೇಕು ಅಂತ, ನೇರವಾಗಿ ಕೇಳಿ. ಡಾಕ್ಟರ್ ಆ ಹಾಳೆಯನ್ನ ಓದಿದ ಮೇಲೆ ಮಾತಿನ ದಿಕ್ಕೇ ಬದಲಾಗುತ್ತೆ. ನಾನು ಎಂಐ ರೂಮ್‌ಗಳಲ್ಲಿ, ಅಂದರೆ ಸೇನಾ ತುಕಡಿಯ ಚಿಕಿತ್ಸಾ ಕೊಠಡಿಗಳಲ್ಲಿ, ಇದನ್ನ ಕಣ್ಣಾರೆ ಕಂಡಿದ್ದೇನೆ. ಸಿಪಾಯಿ ತಾನಾಗಿ ಹೇಳೋದು ತಲೆನೋವು, ಎದೆ ಡವಡವ, ಹೊಟ್ಟೆಯಲ್ಲಿ ಉರಿ ಇಷ್ಟೇ. ಹೆಂಡತಿ ಬರೆದ ಚೀಟಿ ಇದ್ದರೆ ಮಾತ್ರ ನಿಜವಾದ ಕಾಯಿಲೆ ಹೊರಗೆ ಬರ್ತಿತ್ತು.

ರೆಫರಲ್ ಎರಡು ಕಡೆಗೆ ಸಿಗಬಹುದು. ಒಂದು ಸೇನಾ ಆಸ್ಪತ್ರೆ. ಬೆಂಗಳೂರಿನ ಏರ್ ಫೋರ್ಸ್ ಕಮಾಂಡ್ ಹಾಸ್ಪಿಟಲ್‌ನಲ್ಲಿ ಸೈಕಿಯಾಟ್ರಿ ವಿಭಾಗ ಇದೆ. ಇನ್ನೊಂದು ಇಸಿಎಚ್‌ಎಸ್ ಒಪ್ಪಂದ ಇರೋ ಖಾಸಗಿ ಆಸ್ಪತ್ರೆ, ನಾವೆಲ್ಲ ಎಂಪ್ಯಾನಲ್ ಆಸ್ಪತ್ರೆ ಅಂತೀವಲ್ಲ, ಅದು. ಆ ಪಟ್ಟಿಯಲ್ಲಿ ಎಲ್ಲಿಗೆ ಹೋಗಬೇಕು ಅನ್ನೋ ಆಯ್ಕೆ ನಿಮ್ಮದು. ಆದರೆ ಒಂದು ಆಸ್ಪತ್ರೆ ಪಟ್ಟಿಯಲ್ಲಿದೆ ಅಂದ ಮಾತ್ರಕ್ಕೆ ಅದರ ಎಲ್ಲ ವಿಭಾಗಗಳಿಗೂ ಒಪ್ಪಂದ ಇರುತ್ತೆ ಅಂತಲ್ಲ. ಸೈಕಿಯಾಟ್ರಿಗೆ ಇದೆಯಾ ಅಂತ ಫೋನ್ ಮಾಡಿ ಕೇಳಿಕೊಂಡೇ ಹೆಸರು ಬರೆಸಿ.

ಬೆಳಗಾವಿ ಅಕ್ಕ

ತಂಗಿ, ನರ್ಸಿಂಗ್ ಸಾಹೇಬರು ಹೇಳಿದ್ದು ಖರೇ. ನಾನು ಇನ್ನೊಂದು ಮಾತು ಸೇರಿಸ್ತೀನಿ, ಇದನ್ನ ಯಾರೂ ಹೇಳೋದಿಲ್ಲ. ನಿನ್ನ ಹತ್ತಿರ ನಿನ್ನದೇ ಬೇರೆ ಕಾರ್ಡ್ ಇದೆ, ಮಗಳ ಹತ್ತಿರ ಅವಳದು. ಅಂದಮೇಲೆ ನಿನ್ನ ಹೆಸರಲ್ಲೂ ರೆಫರಲ್ ತಗೋಬಹುದು, ಅವಳ ಹೆಸರಲ್ಲೂ ತಗೋಬಹುದು. ಗಂಡ ಒಪ್ಪಲಿ, ಬಿಡಲಿ, ಅದಕ್ಕಾಗಿ ಕಾಯಬೇಕಾಗಿಲ್ಲ.

ನಮ್ಮ ಮನೆಯಲ್ಲಿ ಅವರು ಆಸ್ಪತ್ರೆ ಮೆಟ್ಟಿಲು ಹತ್ತೋದಿಲ್ಲ ಅಂತ ಹಟ ಹಿಡಿದಾಗ ನಾನು ನನಗಾಗಿಯೇ ಹೋದೆ. ನನಗೂ ನಿದ್ದೆ ಇರಲಿಲ್ಲ, ಗೇಟಿನ ಸದ್ದಾದರೆ ಇವತ್ತು ಮೂಡ್ ಹೇಗಿದೆಯೋ ಅಂತ ಹೊಟ್ಟೆಯಲ್ಲಿ ಸಂಕಟ. ಡಾಕ್ಟರ್ ಕೇಳಿದರು, ನಾನು ಹೇಳಿದೆ. ನನಗೂ ಚಿಕಿತ್ಸೆ ಬೇಕು ಅಂದರು. ನಾನು ಹೋಗಿ ಬರೋದನ್ನ ನೋಡಿ ಕೆಲವು ತಿಂಗಳಾದ ಮೇಲೆ ಅವರೇ "ಆ ಡಾಕ್ಟರ್ ಹೆಂಗಿದ್ದಾರೆ?" ಅಂತ ಕೇಳಿದರು. ಈಗ ಇಬ್ಬರೂ ಹೋಗ್ತೀವಿ. ಮಗಳನ್ನ ಮಾತ್ರ ತಡ ಮಾಡಬೇಡ. ಹನ್ನೊಂದು ವರ್ಷದ ಕೂಸು ಅದು.

ಹಾಸನದ ಮನೆಯಾಕೆ

ಅಕ್ಕ, ನಿಮ್ಮ ಮಾತು ಓದಿ ತುಂಬಾ ಧೈರ್ಯ ಬಂತು. ನನ್ನ ಹೆಸರಲ್ಲೂ ಹೋಗಬಹುದು ಅಂತ ನನಗೆ ಗೊತ್ತೇ ಇರಲಿಲ್ಲ.

ಇವರ ಭಯ ಬೇರೆ ಇದೆ. "ನನ್ನನ್ನ ಹುಚ್ಚ ಅಂತ ಬರೆದುಬಿಡ್ತಾರೆ, ಪಿಂಚಣಿ ನಿಲ್ಲುತ್ತೆ" ಅಂತಾರೆ. ಅವರು ಈಗ ಬ್ಯಾಂಕಿನಲ್ಲಿ ಗನ್‌ಮ್ಯಾನ್. ಆ ಕೆಲಸವೂ ಹೋಗುತ್ತೆ ಅನ್ನೋ ಚಿಂತೆ. ಇದು ನಿಜವಾ?

ಸುಬೇದಾರ್ ಕ್ಲರ್ಕ್, ನಿವೃತ್ತ

ನಮಸ್ತೆ ಅಮ್ಮ. ದಾಖಲೆ ವಿಭಾಗದಲ್ಲೇ ಸರ್ವೀಸ್ ಮುಗಿಸಿದವನು ನಾನು, ಈ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ.

ಮನೋವೈದ್ಯರ ಬಳಿ ಹೋದ ಕಾರಣಕ್ಕೆ ಸೇವಾ ಪಿಂಚಣಿ ಒಂದು ರೂಪಾಯಿಯೂ ಕಡಿಮೆ ಆಗುವುದಿಲ್ಲ. ಅದು ಅವರು ದುಡಿದು ಗಳಿಸಿದ್ದು. ಸೇವೆಯಲ್ಲಿರುವಾಗ ಈ ಭಯಕ್ಕೆ ಅರ್ಥ ಇತ್ತು. ಆಗ ಶೇಪ್ ಅಂತ ಮೆಡಿಕಲ್ ಕೆಟಗರಿ ಇರುತ್ತೆ, ಅದರ ಮೊದಲ ಅಕ್ಷರ ಎಸ್ ಮನಸ್ಸಿನ ಆರೋಗ್ಯಕ್ಕೇ ಮೀಸಲು. ಅದು ಇಳಿದರೆ ಬಡ್ತಿ, ಪೋಸ್ಟಿಂಗ್, ಕೋರ್ಸ್ ಎಲ್ಲದಕ್ಕೂ ಪೆಟ್ಟು. ಆ ಹೆದರಿಕೆಯಲ್ಲೇ ನಮ್ಮ ಹುಡುಗರು ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡು ಇರುತ್ತಾರೆ. ಮನೆಗೆ ಬಂದ ಮೇಲೂ ಆ ಅಭ್ಯಾಸ ಬಿಡೋದಿಲ್ಲ.

ಈಗ ಅವರಿಗೆ ಲಾಭ ಆಗಬಹುದಾದ ವಿಷಯ ಕೇಳಿ. ಕಾಯಿಲೆ ಸೇನಾ ಸೇವೆಯಿಂದ ಬಂದಿದೆ ಅಥವಾ ಸೇವೆಯಿಂದ ಉಲ್ಬಣವಾಗಿದೆ ಅಂತ ಸಾಬೀತಾದರೆ, ಪ್ರಮಾಣ ಶೇಕಡಾ 20ಕ್ಕೆ ಕಡಿಮೆ ಇಲ್ಲದಿದ್ದರೆ, ಅಂಗವೈಕಲ್ಯ ಪಿಂಚಣಿ ಕೇಳಬಹುದು. ನಿಮ್ಮವರು 2022ರಲ್ಲಿ ಬಂದಿದ್ದರಿಂದ 2008ರ ನಿಯಮಗಳು ಅನ್ವಯ. 2023ರ ಸೆಪ್ಟೆಂಬರ್ 21ರಿಂದ ಬಂದ ಹೊಸ ನಿಯಮ ಆಮೇಲೆ ನಿವೃತ್ತರಾದವರಿಗೆ. ಹಳೆಯ ನಿಯಮದಲ್ಲಿ ಒಂದು ಮುಖ್ಯ ಅಂಶ ಇದೆ. ಬಿಡುಗಡೆ ಹೊತ್ತಿಗೆ ಕಾಣಿಸದ ಕಾಯಿಲೆ 7 ವರ್ಷದೊಳಗೆ ಕಾಣಿಸಿಕೊಂಡು, ಅದರ ಬೇರು ಸೇವೆಯಲ್ಲೇ ಇತ್ತು ಅಂತ ವೈದ್ಯಾಧಿಕಾರಿಗಳು ಒಪ್ಪಿದರೆ, ಅದನ್ನೂ ಪರಿಗಣಿಸಬಹುದು. ಹಾಗಾಗಿ ರೋಗನಿರ್ಣಯ ಈಗಲೇ ಕಾಗದದ ಮೇಲೆ ಬರುವುದು ಬಹಳ ಮುಖ್ಯ. ಡಾಕ್ಟರ್ ಚೀಟಿಯಲ್ಲಿ ಸುಮ್ನೆ "ಆತಂಕ", "ನಿದ್ರಾಹೀನತೆ" ಅಂತಿದ್ದರೆ ಮುಂದೆ ಯಾವ ಬೋರ್ಡೂ ಕೇಳುವುದಿಲ್ಲ. ಪಿಟಿಎಸ್‌ಡಿ, ಅಂದರೆ ಭೀಕರ ಘಟನೆಯ ಆಘಾತದಿಂದ ಬರುವ ಮಾನಸಿಕ ಕಾಯಿಲೆ, ಇದ್ದರೆ ಪಿಟಿಎಸ್‌ಡಿ ಅಂತಲೇ ಇರಬೇಕು. ಐಸಿಡಿ-10 ಅನ್ನೋ ಅಂತರರಾಷ್ಟ್ರೀಯ ಕಾಯಿಲೆಗಳ ಪಟ್ಟಿಯ ಪ್ರಕಾರ ಅದರ ಕೋಡ್ ಎಫ್43.1.

ಜೊತೆಗೆ ಡಿಸ್ಚಾರ್ಜ್ ಬುಕ್, ಪಿಪಿಒ (ಪಿಂಚಣಿ ಆದೇಶ ಪತ್ರ), ಬಿಡುಗಡೆ ಸಮಯದ ಮೆಡಿಕಲ್ ಬೋರ್ಡ್ ವರದಿ ಹುಡುಕಿ ಇಡಿ. ಆ ವರದಿ ಎಎಫ್‌ಎಂಎಸ್‌ಎಫ್-16 ಅನ್ನೋ ನಮೂನೆಯಲ್ಲಿರುತ್ತೆ. ನಿಮ್ಮ ಬಳಿ ಇಲ್ಲದಿದ್ದರೆ ರೆಕಾರ್ಡ್ ಆಫೀಸಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಸ್ಫೋಟ ಆದ ದಿನದ ಗಾಯದ ವರದಿ, ಪಾರ್ಟ್ ಟೂ ಆರ್ಡರ್ (ಘಟನೆಯನ್ನು ಸೇವಾ ದಾಖಲೆಗೆ ಸೇರಿಸುವ ಆದೇಶ) ಇದ್ದರೆ ಅದೂ ಬೇಕು. ಜೊತೆಯಲ್ಲಿದ್ದವರು ಈಗ ಎಲ್ಲೆಲ್ಲಿ ಇದ್ದಾರೆ ಅಂತ ಪಲ್ಟನ್ ಗುಂಪಿನಲ್ಲಿ ವಿಚಾರಿಸಿ. ಅವರ ಹೇಳಿಕೆ ಕೆಲಸಕ್ಕೆ ಬರುತ್ತೆ.

ಅರ್ಜಿ ತಿರಸ್ಕಾರ ಆದರೂ ಎದೆಗುಂದಬೇಡಿ. ಮೇಲ್ಮನವಿ ಇದೆ, ಅದಾದ ಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. 2013ರಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಭರ್ತಿ ಆಗುವಾಗ ಕಾಯಿಲೆ ಇತ್ತು ಅಂತ ದಾಖಲೆಯಲ್ಲಿ ಇಲ್ಲದಿದ್ದರೆ, ಆಮೇಲೆ ಬಂದದ್ದು ಸೇವೆಯಿಂದಲೇ ಅಂತ ಮೊದಲಿಗೆ ಭಾವಿಸಬೇಕು. ಅದು ಮೂರ್ಛೆ ರೋಗದ ಪ್ರಕರಣ, ಆದರೆ ಆ ತತ್ವವನ್ನು ಬೇರೆ ಕಾಯಿಲೆಗಳಿಗೂ ಹಿಡಿದು ವಾದಿಸುತ್ತಾರೆ. ಅರ್ಜಿ ಬರೆಯಲು ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯಲ್ಲಿ ಸಹಾಯ ಕೇಳಿ.

ಮಡಿಕೇರಿ ಕಡೆಯವನು

ಸುಬೇದಾರ್ ಸಾಬ್ ಪಿಂಚಣಿ ಬಗ್ಗೆ ಹೇಳಿದ್ದಾರೆ, ನಾನು ಬಂದೂಕಿನ ಬಗ್ಗೆ ಹೇಳ್ತೇನೆ. ನಮ್ಮ ಕೊಡಗಿನಲ್ಲಿ ಮನೆಗೊಂದು ಕೋವಿ ಇರುತ್ತೆ, ನಮಗೆ ಅದು ಪೂಜೆಯ ವಸ್ತು. ಆದರೂ ನನ್ನ ಅಣ್ಣ ಸೇನೆಯಿಂದ ಬಂದು ಕುಗ್ಗಿದ್ದ ಕಾಲದಲ್ಲಿ ಅವನಿಗೆ ಹೇಳಿಯೇ, ಅವನ ಒಪ್ಪಿಗೆ ಪಡೆದೇ, ಕೋವಿಯನ್ನ ಚಿಕ್ಕಪ್ಪನ ಮನೆಗೆ ಸಾಗಿಸಿದೆವು. ತೋಟಾ ಬೇರೆ ಕಡೆ ಇಟ್ಟೆವು.

ಗನ್‌ಮ್ಯಾನ್ ಕೆಲಸದ ವಿಷಯದಲ್ಲಿ ನನ್ನ ಅಭಿಪ್ರಾಯ ಕಠಿಣ ಅನ್ನಿಸಬಹುದು. ರಾತ್ರಿ ನಿದ್ದೆ ಇಲ್ಲದೆ, ಸಣ್ಣ ಸದ್ದಿಗೆ ಬೆಚ್ಚುವ ಸ್ಥಿತಿಯಲ್ಲಿ ದಿನವಿಡೀ ಕೈಯಲ್ಲಿ ಬಂದೂಕು ಹಿಡಿಯೋದು ಅವರಿಗೇ ಒಳ್ಳೆಯದಲ್ಲ. ಲೈಸೆನ್ಸಿಗೆ ಮಾನಸಿಕ ಆರೋಗ್ಯದ ಸರ್ಟಿಫಿಕೇಟ್ ಹೇಗೂ ಬೇಕು. ಮುಚ್ಚಿಟ್ಟು ಮುಂದುವರಿಯೋದಕ್ಕಿಂತ ಸ್ವಲ್ಪ ಕಾಲ ಬಂದೂಕಿಲ್ಲದ ಕೆಲಸ ಕೇಳಿ. ಮಾಜಿ ಸೈನಿಕರಿಗೆ ಸೂಪರ್‌ವೈಸರ್ ಕೆಲಸಗಳೂ ಸಿಗ್ತವೆ. ಗುಣವಾದ ಮೇಲೆ ಮತ್ತೆ ನೋಡಬಹುದು, ಅಲ್ವಾ?

ಇನ್ನೊಂದು ವಿಷಯ. ರಮ್ ಎಷ್ಟು ಕುಡೀತಾರೆ ಅನ್ನೋದನ್ನ ಡಾಕ್ಟರಿಗೆ ಸರಿಯಾಗಿ ಹೇಳಿ. ನಿದ್ದೆ ಮಾತ್ರೆ ಮತ್ತು ಕುಡಿತ ಒಟ್ಟಿಗೆ ಸೇರಿದರೆ ಪ್ರಾಣಕ್ಕೇ ಅಪಾಯ.

ಜಿಲ್ಲಾ ಆಸ್ಪತ್ರೆ ಸೈಕಾಲಜಿಸ್ಟ್

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್. ಇಲ್ಲಿ ಎಲ್ಲರೂ ರೆಫರಲ್ ಬಗ್ಗೆ ಚೆನ್ನಾಗಿ ಹೇಳಿದ್ದಾರೆ. ಆದರೆ ರೆಫರಲ್ ಸಿಕ್ಕ ಮೇಲೆ ಏನು ಚಿಕಿತ್ಸೆ ಕೇಳಬೇಕು ಅನ್ನೋದೂ ಗೊತ್ತಿರಬೇಕು. ಇಲ್ಲದಿದ್ದರೆ ತಿಂಗಳಿಗೊಮ್ಮೆ ಹೋಗಿ ಐದು ನಿಮಿಷ ಕೂತು ಅದೇ ಮಾತ್ರೆ ತಂದು ವರ್ಷಗಳು ಕಳೆಯುತ್ತವೆ.

1980ರಲ್ಲಿ ಪಿಟಿಎಸ್‌ಡಿ ಅಂತ ವೈದ್ಯಕೀಯ ಪಟ್ಟಿಗೆ ಸೇರಿದಾಗಿನಿಂದ ಇದರ ಮೇಲೆ ಸಾಕಷ್ಟು ಕೆಲಸ ಆಗಿದೆ. ಇವತ್ತು ಹೆಚ್ಚು ಭರವಸೆ ಇರೋದು ಆಘಾತವನ್ನೇ ಗುರಿಯಾಗಿಟ್ಟುಕೊಂಡ ಮಾತಿನ ಚಿಕಿತ್ಸೆಗೆ. ಅದರಲ್ಲಿ ಮೂರು ಮುಖ್ಯ ವಿಧ. ಪ್ರೊಲಾಂಗ್ಡ್ ಎಕ್ಸ್‌ಪೋಷರ್ ಅನ್ನೋದರಲ್ಲಿ, ಭಯದಿಂದ ದೂರ ಇಟ್ಟ ನೆನಪು ಮತ್ತು ಜಾಗಗಳ ಹತ್ತಿರಕ್ಕೆ ಸುರಕ್ಷಿತವಾಗಿ, ಹಂತಹಂತವಾಗಿ ಕರೆದೊಯ್ಯುತ್ತೇವೆ. ಸಾಮಾನ್ಯವಾಗಿ 8ರಿಂದ 15 ಸೆಷನ್. ಕಾಗ್ನಿಟಿವ್ ಪ್ರೊಸೆಸಿಂಗ್ ಥೆರಪಿಯಲ್ಲಿ "ಅವನು ಹೋದ, ನಾನೇಕೆ ಉಳಿದೆ", "ನಾನು ಸರಿಯಾಗಿ ನೋಡಿದ್ದರೆ ಆಗ್ತಿರಲಿಲ್ಲ" ಅನ್ನೋ ಯೋಚನೆಗಳನ್ನ ಒಂದೊಂದಾಗಿ ಬಿಡಿಸುತ್ತೇವೆ. ಅದು ಸುಮಾರು 12 ಸೆಷನ್. ಮೂರನೆಯದು ಇಎಂಡಿಆರ್, ಕಣ್ಣಿನ ಚಲನೆ ಬಳಸಿ ಆಘಾತದ ನೆನಪಿಗೆ ಚಿಕಿತ್ಸೆ ಕೊಡೋ ವಿಧಾನ. ನಿಮ್ಮ ಯಜಮಾನರ ವಿಷಯ ಓದಿದಾಗ ನನಗೆ ಎರಡನೆಯದು ನೆನಪಾಯಿತು. ರಸ್ತೆ ನೋಡೋ ಹೊಣೆ ಅವರದೇ ಆಗಿತ್ತಲ್ಲ, ಆ ಭಾರ ಅವರ ಮೇಲೆ ಇರಬಹುದು. ಆದರೆ ಇದನ್ನ ಎದುರು ಕೂತು ಪರೀಕ್ಷಿಸಿದವರೇ ನಿರ್ಧರಿಸಬೇಕು.

ಔಷಧಿಯೂ ಉಪಯುಕ್ತ. ಸರ್ಟ್ರಲಿನ್‌ನಂಥ ಔಷಧಿಗಳು ಪರಿಣಾಮ ತೋರಿಸೋಕೆ ಕೆಲವು ವಾರ ಬೇಕು, ನಡುವೆ ಬಿಡಬಾರದು. ಕ್ಲೋನಾಜೆಪಾಮ್, ಆಲ್ಪ್ರಜೋಲಾಮ್ ಥರದ ಮಾತ್ರೆ ಮಾತ್ರ ದೀರ್ಘಕಾಲಕ್ಕೆ ಒಳ್ಳೆಯದಲ್ಲ. ಅಮೆರಿಕದ ಮಾಜಿ ಸೈನಿಕರ ಇಲಾಖೆ ಮತ್ತು ರಕ್ಷಣಾ ಇಲಾಖೆ 2023ರಲ್ಲಿ ಹೊರಡಿಸಿದ ಮಾರ್ಗಸೂಚಿ ಪಿಟಿಎಸ್‌ಡಿಗೆ ಈ ಗುಂಪಿನ ಔಷಧಿ ಬೇಡ ಅನ್ನುತ್ತೆ. ಈಗಾಗಲೇ ತಗೋತಿದ್ದರೆ ದಿಢೀರ್ ಅಂತ ನಿಲ್ಲಿಸಬೇಡಿ. ಡಾಕ್ಟರ್ ಹೇಳಿದಂತೆ ನಿಧಾನವಾಗಿ ಇಳಿಸಬೇಕು.

ಆದ್ದರಿಂದ ಆಸ್ಪತ್ರೆ ಆರಿಸುವಾಗ ಹೀಗೆ ಕೇಳಿ: ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಇರೋ ಕ್ಲಿನಿಕಲ್ ಸೈಕಾಲಜಿಸ್ಟ್ ಇದ್ದಾರಾ? ಆಘಾತದ ಚಿಕಿತ್ಸೆ ಮಾಡ್ತಾರಾ? ವಾರಕ್ಕೊಮ್ಮೆ ಅದೇ ವ್ಯಕ್ತಿ ಸಿಗ್ತಾರಾ? ಕನ್ನಡದಲ್ಲಿ ಮಾತಾಡ್ತಾರಾ? ಕೊನೆಯದನ್ನ ಹಗುರವಾಗಿ ತಗೋಬೇಡಿ. ಇಪ್ಪತ್ತು ವರ್ಷ ಹಿಂದಿಯಲ್ಲಿ ಆರ್ಡರ್ ಕೇಳಿದವರೂ ಒಳಗಿನ ಅಳು ಬಂದಾಗ ಕನ್ನಡದಲ್ಲೇ ಅಳುತ್ತಾರೆ.

ಎಂಪ್ಯಾನಲ್ ಆಸ್ಪತ್ರೆಯಲ್ಲಿ ಥೆರಪಿ ಸಿಗದಿದ್ದರೆ ಔಷಧಿಗೆ ಇಸಿಎಚ್‌ಎಸ್ ಇಟ್ಟುಕೊಳ್ಳಿ, ಮಾತಿನ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಗೆ ಬನ್ನಿ. ಮೆಡಿಕಲ್ ಕಾಲೇಜಿನ ಮನೋವೈದ್ಯ ವಿಭಾಗ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ, ತಾಲೂಕು ಆಸ್ಪತ್ರೆಯ ಮಂಗಳವಾರದ ಮನೋಚೈತನ್ಯ ಶಿಬಿರ, ಇವೆಲ್ಲ ಇವೆ. ನಿಮ್ಹಾನ್ಸ್‌ಗೆ ರೆಫರಲ್ ಇಲ್ಲದೆಯೂ ನೇರ ಹೋಗಿ ಹೊಸ ರೋಗಿಯಾಗಿ ಹೆಸರು ಬರೆಸಬಹುದು. ಅಲ್ಲಿ ಮಕ್ಕಳ ವಿಭಾಗವೇ ಬೇರೆ ಇದೆ, ನಿಮ್ಮ ಮಗಳಿಗೆ ಅದು ಒಳ್ಳೆಯದು.

ಹಳೇ ಪಲ್ಟನ್

ಬೇಜಾರು ಮಾಡ್ಕೋಬೇಡಿ, ಇಷ್ಟೆಲ್ಲ ಆಸ್ಪತ್ರೆ ಬೇಕಾ? ನಮ್ಮ ಕಾಲದಲ್ಲೂ ಯುದ್ಧ ನೋಡಿದ್ದೀವಿ. ಹೊಲದ ಕೆಲಸ, ಭಜನೆ, ಹಳೇ ಗೆಳೆಯರ ಜೊತೆ ಮಾತು, ಇದರಲ್ಲೇ ಸರಿಹೋದವರು ಬೇಕಾದಷ್ಟು ಜನ ಇದ್ದಾರೆ. ಔಷಧಿ ಶುರುವಾದರೆ ಬಿಡೋಕಾಗಲ್ಲ.

ಮಾಜಿ ನರ್ಸಿಂಗ್ ಅಸಿಸ್ಟೆಂಟ್

ಹಿರಿಯರೇ, ನಿಮ್ಮ ಮಾತಿಗೆ ಗೌರವ ಇದೆ. ಗೆಳೆಯರ ಮಾತು ನಿಜಕ್ಕೂ ದೊಡ್ಡ ಆಸರೆ. ಆಘಾತ ಆದ ಎಷ್ಟೋ ಜನ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ ಅನ್ನೋದೂ ನಿಜ. ಆದರೆ ಒಂದು ತಿಂಗಳು ದಾಟಿ, ವರ್ಷಗಳೇ ದಾಟಿ, ಮಗುವೂ ನಡುಗೋ ಹಂತಕ್ಕೆ ಬಂದಿದ್ದರೆ ಅದು ಕಾಯಿಲೆ. ಕಾಲಿಗೆ ಚೂರು ಹೊಕ್ಕಿದ್ದರೆ ಭಜನೆ ಮಾಡಿ ಅಂತ ನೀವೂ ಹೇಳ್ತಿರಲಿಲ್ಲ. ನಿಮ್ಮಂಥ ಹಿರಿಯರು "ಹೋಗಪ್ಪಾ, ತೋರಿಸ್ಕೋ" ಅಂದರೆ ಈ ಹುಡುಗರು ನಮ್ಮೆಲ್ಲರ ಮಾತಿಗಿಂತ ಹೆಚ್ಚು ಕೇಳುತ್ತಾರೆ. ದಯವಿಟ್ಟು ಆ ಮಾತನ್ನ ಹೇಳಿ.

ಹಳೇ ಪಲ್ಟನ್

ಮಗುವಿನ ವಿಷಯ ನಾನು ಸರಿಯಾಗಿ ಓದಿರಲಿಲ್ಲ. ಆಯ್ತು. ಅಮ್ಮ, ನಿಮ್ಮ ಯಜಮಾನರಿಗೆ ಹೇಳಿ, 1971 ನೋಡಿದ ಮುದುಕನೊಬ್ಬ ಡಾಕ್ಟರ್ ಹತ್ತಿರ ಹೋಗು ಅಂದಿದ್ದಾನೆ ಅಂತ.

ಸಿಆರ್‌ಪಿಎಫ್ ಮನೆಯವಳು

ನಮ್ಮವರು ಸಿಆರ್‌ಪಿಎಫ್, ಛತ್ತೀಸ್‌ಗಢದಲ್ಲಿ ಇದ್ದು ಬಂದವರು. ನಮಗೂ ಇದೇ ಕಥೆ. ನಮಗೆ ಇಸಿಎಚ್‌ಎಸ್ ಸಿಗುತ್ತಾ?

ಸುಬೇದಾರ್ ಕ್ಲರ್ಕ್, ನಿವೃತ್ತ

ಇಲ್ಲಮ್ಮ, ನಿಮ್ಮದು ಗೃಹ ಇಲಾಖೆ, ದಾರಿ ಬೇರೆ. ಸೇವೆಯಲ್ಲಿ ಇರುವವರಿಗೆ ಮತ್ತು ಅವರ ಅವಲಂಬಿತರಿಗೆ 2021ರಲ್ಲಿ ಶುರುವಾದ ಆಯುಷ್ಮಾನ್ ಸಿಎಪಿಎಫ್ ಅನ್ನೋ ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಆರೋಗ್ಯ ಯೋಜನೆ ಇದೆ. ನಿವೃತ್ತರು ವಂತಿಗೆ ಕಟ್ಟಿ ಸಿಜಿಎಚ್‌ಎಸ್, ಅಂದರೆ ಕೇಂದ್ರ ಸರ್ಕಾರದ ಆರೋಗ್ಯ ಯೋಜನೆ, ಸೇರಬಹುದು. ಅಲ್ಲಿಯೂ ವೆಲ್‌ನೆಸ್ ಸೆಂಟರ್ ಡಾಕ್ಟರಿಂದಲೇ ಶುರು. ಬರೆದ ಹಾಳೆಯ ಉಪಾಯ ಅಲ್ಲೂ ನಡೆಯುತ್ತೆ.

ಅಗ್ನಿವೀರರ ತಂದೆ ತಾಯಂದಿರೂ ಇಲ್ಲಿ ಇರಬಹುದು. ನಾಲ್ಕು ವರ್ಷಕ್ಕೆ ಹೊರಬಂದವರಿಗೆ ಪಿಂಚಣಿ ಇಲ್ಲ, ಇಸಿಎಚ್‌ಎಸ್ ಕೂಡ ಇಲ್ಲ. ಆದ್ದರಿಂದ ಮನಸ್ಸಿಗೆ ಪೆಟ್ಟಾಗಿದ್ದರೆ ಸೇವೆಯಲ್ಲಿ ಇರುವಾಗಲೇ ಸೇನಾ ಆಸ್ಪತ್ರೆಯಲ್ಲಿ ತೋರಿಸಿ ದಾಖಲೆ ಮಾಡಿಸಿಕೊಳ್ಳಲಿ.

ವಿರಾಜಪೇಟೆ ಅತ್ತೆ

ನನ್ನ ಗಂಡ ಗಡಿಯಲ್ಲಿ ಹೋದರು. ನಾನು ಬಹಳ ಕಾಲ ಅಂದುಕೊಂಡಿದ್ದೆ, ಕಾರ್ಡ್ ಅವರದು, ಅವರೊಂದಿಗೇ ಹೋಯಿತು ಅಂತ. ಹಾಗಲ್ಲ ಮಕ್ಕಳೇ. ಕುಟುಂಬ ಪಿಂಚಣಿ ಪಡೆಯೋ ಹೆಂಡತಿಯೇ ಸದಸ್ಯಳಾಗ್ತಾಳೆ. ಇಸಿಎಚ್‌ಎಸ್ ಸೇರೋಕೆ ಒಂದೇ ಸಲ ಕಟ್ಟೋ ವಂತಿಗೆಯನ್ನೂ ಯುದ್ಧ ವಿಧವೆಯರು ಕಟ್ಟಬೇಕಾಗಿಲ್ಲ. ಹವಾಲ್ದಾರ್ ದರ್ಜೆಯವರಿಗೆ ಅದು 30,000 ರೂಪಾಯಿ.

ಬಂದು ಸಮಾಧಾನ ಹೇಳಿದವರೆಲ್ಲ ನನ್ನನ್ನ ವೀರನಾರಿ ಅಂದರು. ಒಳಗೆ ನಾನು ಪ್ರತಿದಿನ ಆ ಫೋನ್ ಕರೆಯನ್ನ ಮತ್ತೆ ಮತ್ತೆ ಕೇಳ್ತಿದ್ದೆ. ಮೊಬೈಲ್ ರಿಂಗಾದರೆ ಬೆನ್ನೆಲ್ಲ ತಣ್ಣಗಾಗ್ತಿತ್ತು. ಇದಕ್ಕೂ ಚಿಕಿತ್ಸೆ ಇದೆ, ಅದು ನನ್ನ ಕಾರ್ಡಿನಲ್ಲೇ ಸಿಗುತ್ತೆ ಅಂತ ಪಾಲಿಕ್ಲಿನಿಕ್‌ನ ಒಬ್ಬ ಡಾಕ್ಟರಮ್ಮ ಹೇಳಿದ ಮೇಲೇ ಗೊತ್ತಾಗಿದ್ದು. ಇನ್ನೂ ಎಷ್ಟೋ ಜನರಿಗೆ ಇದನ್ನ ಯಾರೂ ಹೇಳಿಲ್ಲ. ಅದು ನನಗೆ ಇವತ್ತಿಗೂ ಸಹಿಸೋಕಾಗಲ್ಲ.

ಮಗನ ವಿಷಯದಲ್ಲಿ ಮಾತ್ರ ನಮಗೆ ತೊಂದರೆಯಾಯಿತು. ಅವನಿಗೆ 25 ತುಂಬಿದಾಗ ಚಿಕಿತ್ಸೆ ನಡುವೆಯೇ ಕಾರ್ಡ್ ನಿಂತಿತು.

ಸುಬೇದಾರ್ ಕ್ಲರ್ಕ್, ನಿವೃತ್ತ

ಅಕ್ಕಾ, ನೀವು ಹೇಳಿದ್ದು ಎಲ್ಲರೂ ಗಮನಿಸಬೇಕಾದದ್ದು. ಮಗನಿಗೆ 25 ವರ್ಷ ಅಥವಾ ಮದುವೆ ಅಥವಾ ಕೆಲಸ, ಯಾವುದು ಮೊದಲೋ ಅಲ್ಲಿಗೆ ಮುಗಿಯುತ್ತೆ. ಮಗಳಿಗೆ ಮದುವೆ ಅಥವಾ ಕೆಲಸದವರೆಗೆ. ಆದರೆ ಕಾಯಂ ಅಂಗವೈಕಲ್ಯ ಇರುವ ಮಕ್ಕಳಿಗೆ ವಯಸ್ಸಿನ ಮಿತಿ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಮಗನ ಸ್ಥಿತಿ ತೀವ್ರವಾಗಿದ್ದರೆ ಯುಡಿಐಡಿ (ಅಂಗವಿಕಲರ ಗುರುತಿನ ಚೀಟಿ) ಪ್ರಮಾಣಪತ್ರಕ್ಕೆ ಮನೋವೈದ್ಯರನ್ನು ಕೇಳಿ.

ಅಷ್ಟು ತೀವ್ರ ಅಲ್ಲದಿದ್ದರೆ ಖಾಸಗಿ ವಿಮೆ ಮಾಡಿಸಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ದೈಹಿಕ ಕಾಯಿಲೆಯಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು. ಮೊದಲೇ ಇರುವ ಕಾಯಿಲೆಯನ್ನು ಅರ್ಜಿಯಲ್ಲಿ ಮುಚ್ಚಿಡಬೇಡಿ. ಅದಕ್ಕೆ ಕಾಯುವ ಅವಧಿ ಈಗ ಹೆಚ್ಚೆಂದರೆ 3 ವರ್ಷ. ಆದರೆ ಸಾಮಾನ್ಯ ಪಾಲಿಸಿಗಳು ಅಡ್ಮಿಟ್ ಆದರೆ ಮಾತ್ರ ಕೊಡುತ್ತವೆ. ವಾರದ ಥೆರಪಿಗೆ ಕೊಡುವುದು ಕಡಿಮೆ. ಸಹಿ ಹಾಕುವ ಮುಂಚೆ ಹೊರರೋಗಿ ಖರ್ಚಿನ ಷರತ್ತು ಓದಿ.

ಹಾಸನದ ಮನೆಯಾಕೆ

ನಿಮ್ಮೆಲ್ಲರಿಗೂ ಹೇಗೆ ಧನ್ಯವಾದ ಹೇಳಲಿ ಗೊತ್ತಿಲ್ಲ. ಹಾಳೆ ಬರೆದಿದ್ದೇನೆ. 1971ರ ತಾತನ ಮಾತನ್ನ ಅವರಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಸೋಮವಾರ ಹೋಗೋಣ" ಅಂದರು.

ಒಂದು ಕೊನೇ ಭಯ ಕೇಳಿಬಿಡ್ತೇನೆ. ರಾತ್ರಿ ಹೊತ್ತು ಏನಾದರೂ ಕೈ ಮೀರಿದರೆ ಏನು ಮಾಡಬೇಕು? ರೆಫರಲ್ ಅಂತ ಕಾಯೋಕಾಗಲ್ಲ ಅಲ್ವಾ?

ಮಾಜಿ ನರ್ಸಿಂಗ್ ಅಸಿಸ್ಟೆಂಟ್

ಕಾಯಬೇಡಿ ತಂಗಿ. ತೀವ್ರವಾದ ಮಾನಸಿಕ ಸ್ಥಿತಿ ಇಸಿಎಚ್‌ಎಸ್‌ನ ತುರ್ತು ಪಟ್ಟಿಯಲ್ಲೇ ಇದೆ. ಹತ್ತಿರದ ಎಂಪ್ಯಾನಲ್ ಆಸ್ಪತ್ರೆಗೆ ನೇರ ಹೋಗಿ, ಕಾರ್ಡ್ ತೋರಿಸಿ. ಪಾಲಿಕ್ಲಿನಿಕ್‌ಗೆ 48 ಗಂಟೆಯೊಳಗೆ ತಿಳಿಸೋ ಜವಾಬ್ದಾರಿ ಆ ಆಸ್ಪತ್ರೆಯದು, ಆದರೂ ನೀವೊಂದು ಫೋನ್ ಮಾಡಿ. ಪಟ್ಟಿಯಲ್ಲಿಲ್ಲದ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಮೊದಲು ಹಣ ನೀವೇ ಕಟ್ಟಬೇಕು. ಆಗ 48 ಗಂಟೆಯೊಳಗೆ ತಿಳಿಸೋದು ನಿಮ್ಮ ಕೆಲಸ. ತುರ್ತು ಪರಿಸ್ಥಿತಿ ಅಂತ ಡಾಕ್ಟರಿಂದ ಬರೆಸಿಕೊಂಡು, ಬಿಲ್, ಡಿಸ್ಚಾರ್ಜ್ ಸಮ್ಮರಿ ಎಲ್ಲ ಮೂಲ ಪ್ರತಿ ಇಟ್ಟುಕೊಳ್ಳಿ. ಕಟ್ಟಿದ ಪೂರ್ತಿ ಮೊತ್ತ ಬರಲ್ಲ, ಸಿಜಿಎಚ್‌ಎಸ್ ದರದಷ್ಟು ಬರುತ್ತೆ.

ಮಾತಾಡೋಕೆ ಯಾರಾದರೂ ಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್, 14416. 2022ರ ಅಕ್ಟೋಬರ್‌ನಿಂದ ಇದೆ, ಹಗಲು ರಾತ್ರಿ ಸಿಗುತ್ತೆ, ಕನ್ನಡದಲ್ಲಿ ಮಾತಾಡ್ತಾರೆ, ದುಡ್ಡಿಲ್ಲ. ಸೇನೆಯವರು ಮತ್ತು ಕುಟುಂಬದವರಿಗಾಗಿ ಪುಣೆಯ ಎಎಫ್‌ಎಂಸಿಯಲ್ಲಿ (ಸೇನಾ ವೈದ್ಯಕೀಯ ಕಾಲೇಜು) 2023ರ ಡಿಸೆಂಬರ್‌ನಲ್ಲಿ ಇದರ ಪ್ರತ್ಯೇಕ ಘಟಕವೂ ಶುರುವಾಗಿದೆ. ಪ್ರಾಣಾಪಾಯ ಇದ್ದರೆ 112ಕ್ಕೆ ಕರೆ ಮಾಡಿ. ಬಂದೂಕು ಮನೆಯಲ್ಲಿದ್ದರೆ ಇವತ್ತೇ ಬೇರೆ ಕಡೆ ಸಾಗಿಸಿ.

ಜಿಲ್ಲಾ ಆಸ್ಪತ್ರೆ ಸೈಕಾಲಜಿಸ್ಟ್

ಅಡ್ಮಿಷನ್ ಬಗ್ಗೆ ಒಂದು ಮಾತು. ಅವರೇ ಒಪ್ಪಿ ಸೇರೋದು ಎಲ್ಲಕ್ಕಿಂತ ಒಳ್ಳೆಯದು. ಒಪ್ಪೋ ಸ್ಥಿತಿಯಲ್ಲಿ ಇಲ್ಲದಿದ್ದರೆ 2017ರ ಮಾನಸಿಕ ಆರೋಗ್ಯ ಕಾಯ್ದೆಯ 89ನೇ ಸೆಕ್ಷನ್ ಅಡಿ ನಾಮನಿರ್ದೇಶಿತ ಪ್ರತಿನಿಧಿ, ಅಂದರೆ ಅವರ ಪರವಾಗಿ ಮಾತಾಡೋಕೆ ಅವರೇ ಹೆಸರಿಸಿದವರು, ಅರ್ಜಿ ಕೊಟ್ಟು, ವೈದ್ಯರು ಪರೀಕ್ಷಿಸಿ, 30 ದಿನದವರೆಗೆ ಸೇರಿಸಿಕೊಳ್ಳಬಹುದು. ಅವರು ಸಮಾಧಾನವಾಗಿ ಇರೋ ಒಂದು ದಿನ ಕೂತು ಮಾತಾಡಿ, ನೀವೇ ಪ್ರತಿನಿಧಿ ಅಂತ ಬಿಳಿ ಹಾಳೆಯಲ್ಲಿ ಬರೆಸಿ ಸಹಿ ಹಾಕಿಸಿ ಇಟ್ಟುಕೊಳ್ಳಿ. ಅವರ ಚಿಕಿತ್ಸೆಯ ವಿಷಯ ಗುಟ್ಟಾಗಿ ಇಡಬೇಕು ಅನ್ನೋ ಹಕ್ಕು ಇದೇ ಕಾಯ್ದೆಯ 23ನೇ ಸೆಕ್ಷನ್‌ನಲ್ಲಿದೆ. ಹುಚ್ಚ ಅನ್ನಿಸಿಕೊಳ್ಳೋ ಭಯಕ್ಕೆ ಇದನ್ನ ಅವರಿಗೆ ಓದಿಸಿ.

ಬೆಳಗಾವಿ ಅಕ್ಕ

ಸೋಮವಾರ ಹೋಗ್ತೀಯಲ್ಲ ತಂಗಿ, ಮೂರೂ ಕಾರ್ಡ್ ತಗೊಂಡು ಹೋಗು. ಒಂದೇ ದಿನ ಮೂರು ಜನರ ರೆಫರಲ್ ಕೇಳು. ಮಗಳದ್ದಕ್ಕೆ ಮಕ್ಕಳ ಮನೋವೈದ್ಯರು ಅಂತ ಬೇರೆಯಾಗಿ ಹೇಳು. ಸ್ಲಿಪ್ಪಿನಲ್ಲಿ ಕನ್ಸಲ್ಟೇಷನ್ ಜೊತೆಗೆ ಸೈಕೋಥೆರಪಿ ಅಂತಲೂ ಬರೆಸು. ಬರೆದಿಲ್ಲ ಅಂದರೆ ಅಲ್ಲಿ ಬಿಲ್ಲಿಂಗ್ ಕೌಂಟರಿನಲ್ಲಿ ಕೈ ಎತ್ತಿಬಿಡ್ತಾರೆ, ಮತ್ತೆ ವಾಪಸ್ ಬರೋದಾಗುತ್ತೆ. ಸ್ಲಿಪ್ ಎಲ್ಲಿಯವರೆಗೆ ನಡೆಯುತ್ತೆ ಅನ್ನೋ ತಾರೀಖು ನೋಡ್ಕೋ. ಔಷಧಿ ಕೌಂಟರಿನಲ್ಲಿ ಮಾತ್ರೆ ಇಲ್ಲ ಅಂದರೆ ಹಾಗೇ ಬರಬೇಡ. ಇಲ್ಲ ಅಂತ ಚೀಟಿ ಮೇಲೆ ಬರೆಸಿಕೊಂಡು, ಅವರದೇ ಕೆಮಿಸ್ಟ್ ಮೂಲಕ ತರಿಸಿಕೊಡ್ತಾರಾ ಕೇಳು. ಮತ್ತೆ ಅವತ್ತು ಮಗಳ ಸ್ಕೂಲಿಗೆ ರಜೆ ಹಾಕಿಸು, ಪಾಲಿಕ್ಲಿನಿಕ್ ಕ್ಯೂ ಬೆಳಗ್ಗೆಯೇ ಉದ್ದ ಇರುತ್ತೆ.